ಗನ್‌ಫೈಟರ್ ಬ್ಯಾಲಡ್ಸ್ ಅಂಡ್ ಟ್ರೇಲ್ ಸಾಂಗ್ಸ್: ಯಾವ ಹಾಡು, ಯಾವ ಪ್ಲೇಟು

ಕೌಬಾಯ್ ಹಾಡುಗಳ ಒಂದೇ ಒಂದು ಆಲ್ಬಮ್ ಮನೆಯಲ್ಲಿರಲಿ ಅನ್ನುವವರು ಕಣ್ಣುಮುಚ್ಚಿ ಅಮೆರಿಕದ ಗಾಯಕ ಮಾರ್ಟಿ ರಾಬಿನ್ಸ್ ಅವರ ‘ಗನ್‌ಫೈಟರ್ ಬ್ಯಾಲಡ್ಸ್ ಅಂಡ್ ಟ್ರೇಲ್ ಸಾಂಗ್ಸ್’ ತೆಗೆದುಕೊಳ್ಳಬಹುದು. ಆದರೆ ಅದರ ಯಾವ ಪ್ರತಿ ಅನ್ನುವಲ್ಲಿ ಕಣ್ಣು ತೆರೆದಿರಬೇಕು. ಇದರ ಅತಿ ಪ್ರಸಿದ್ಧ ಹಾಡು ‘ಎಲ್ ಪಾಸೊ’ ಎಲ್ಲ ಪ್ರತಿಗಳಲ್ಲೂ ಒಂದೇ ರೂಪದಲ್ಲಿಲ್ಲ. ಕಥೆಗೆ ಬೇಕೇಬೇಕಾದ ಒಂದು ಚರಣ ಕೆಲವು ಪ್ರತಿಗಳಲ್ಲಿ ಮಾಯವಾಗಿದೆ. ಆ ವಿಷಯ ಮುಂದೆ ವಿವರವಾಗಿ ಬರುತ್ತದೆ.

ಕೊಲಂಬಿಯಾ ಕಂಪನಿ ಇದನ್ನು ಬಿಡುಗಡೆ ಮಾಡಿದ್ದು 1959ರ ಸೆಪ್ಟೆಂಬರ್‌ನಲ್ಲಿ. ಧ್ವನಿಮುದ್ರಣ ಅದೇ ವರ್ಷದ ಏಪ್ರಿಲ್ 7ರಂದು, ನ್ಯಾಶ್‌ವಿಲ್‌ನ ಬ್ರಾಡ್ಲಿ ಸ್ಟುಡಿಯೋದಲ್ಲಿ. ಹನ್ನೆರಡೂ ಹಾಡು ಒಂದೇ ದಿನದಲ್ಲಿ ಮುಗಿದವು. ನಿರ್ಮಾಪಕ ಡಾನ್ ಲಾ. ಗಿಟಾರ್‌ಗೆ ಗ್ರೇಡಿ ಮಾರ್ಟಿನ್ ಮತ್ತು ಜ್ಯಾಕ್ ಪ್ರೂಯೆಟ್, ಬೇಸ್‌ಗೆ ಬಾಬ್ ಮೂರ್, ಡ್ರಮ್‌ಗೆ ಲೂಯಿ ಡನ್, ಹಿನ್ನೆಲೆ ದನಿಗೆ ಟಾಂಪಾಲ್ ಮತ್ತು ಅವರ ತಮ್ಮಂದಿರು, ಅಂದರೆ ಗ್ಲೇಸರ್ ಸಹೋದರರು. ಮೇಳ ಇಷ್ಟೇ. ಕಂಟ್ರಿ ಸಂಗೀತ ಅಂದೊಡನೆ ಕಿವಿ ಹುಡುಕುವ ಪಿಟೀಲು ಇಲ್ಲ, ಸ್ಟೀಲ್ ಗಿಟಾರ್ ಕೂಡ ಇಲ್ಲ. ಡ್ರಮ್ ಇದ್ದೂ ಇಲ್ಲದಂತಿದೆ. ಒಂದೇ ದಿನದಲ್ಲಿ ಮುಗಿಸಿದ್ದು ಅವಸರದ ಕೆಲಸ ಅನ್ನಿಸುವುದಿಲ್ಲ. ಯಾವ ಹಾಡಿಗೂ ಅಲಂಕಾರ ಪೇರಿಸಲು ಹೊತ್ತು ಸಿಗದಿದ್ದುದೇ ಒಳ್ಳೆಯದಾಯಿತು. ಎರಡು ಗಿಟಾರ್ ನಡುವೆ ಗಾಳಿಯಾಡುವಷ್ಟು ಜಾಗವಿದೆ, ಆ ಜಾಗದಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತದೆ. ಲಾವಣಿಗೆ ಬೇಕಾದದ್ದು ಅದೇ: ಒಂದು ಸಾಲು ತಪ್ಪಿದರೂ ಕಥೆ ಕೈಬಿಟ್ಟುಹೋಗುತ್ತದೆ.

ರಾಬಿನ್ಸ್ 1925ರಲ್ಲಿ ಅರಿಜೋನಾದ ಗ್ಲೆಂಡೇಲ್‌ನಲ್ಲಿ ಹುಟ್ಟಿದವರು. ಹಳೆಯ ಪಶ್ಚಿಮದ ಕಥೆಗಳನ್ನು ಅವರಿಗೆ ಹೇಳುತ್ತಿದ್ದವರು ಟೆಕ್ಸಸ್ ಬಾಬ್ ಎಂದು ಹೆಸರಾಗಿದ್ದ ಅವರ ಅಜ್ಜ. ಹಾಡುಗಾರಿಕೆಯಲ್ಲಿ ಅದರ ಗುರುತಿದೆ. ರಾಬಿನ್ಸ್ ಪಾತ್ರಗಳನ್ನು ನಟಿಸಿ ತೋರಿಸುವುದಿಲ್ಲ. ಕೋವಿ ಹಾರಿದಾಗ ದನಿ ಏರಿಸುವುದಿಲ್ಲ, ಸಾವು ಬಂದಾಗ ಗದ್ಗದವಾಗುವುದಿಲ್ಲ. ಉಚ್ಚಾರ ನುಣುಪು, ಸ್ವರ ಎತ್ತರದ್ದು, ಉಸಿರು ದೀರ್ಘ. ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡಂತೆ ಒರಟಾಗಿ ಹಾಡಿದರೇ ಕೌಬಾಯ್ ಹಾಡು ಎಂದು ನಂಬಿದವರಿಗೆ ಇದು ಮೊದಲಿಗೆ ತೀರಾ ಇಸ್ತ್ರಿ ಮಾಡಿದಂತೆ ಕಾಣಬಹುದು. ಎರಡನೆಯ ಸಲ ಕೇಳಿದಾಗ ಆ ಆಕ್ಷೇಪ ಉಳಿಯುವುದು ಕಷ್ಟ.

ಮೊದಲ ಬದಿಯ ಮೊದಲ ಹಾಡು ‘ಬಿಗ್ ಐರನ್’. ರಚನೆ ರಾಬಿನ್ಸ್ ಅವರದೇ. ನಾಲ್ಕು ನಿಮಿಷಕ್ಕೆ ತುಸು ಕಡಿಮೆ ಅವಧಿ. ಅಗುವಾ ಫ್ರಿಯಾ ಎಂಬ ಊರಿಗೆ ಅಪರಿಚಿತ ಸವಾರನೊಬ್ಬ ಬರುತ್ತಾನೆ. ಸೊಂಟದಲ್ಲಿ ದೊಡ್ಡ ರಿವಾಲ್ವರ್. ಅವನು ಅರಿಜೋನಾ ರೇಂಜರ್, ಅಂದರೆ ಅಲ್ಲಿನ ಪೊಲೀಸ್ ಪಡೆಯವನು; ಹುಡುಕಿಕೊಂಡು ಬಂದದ್ದು ಇಪ್ಪತ್ತನಾಲ್ಕರ ಹರೆಯದ ಟೆಕ್ಸಸ್ ರೆಡ್ ಎಂಬ ಪಾತಕಿಯನ್ನು. ಕೊಂದವರ ಲೆಕ್ಕಕ್ಕೆ ಅವನ ಪಿಸ್ತೂಲಿನಲ್ಲಿ ಒಂದು ಮತ್ತು ಹತ್ತೊಂಬತ್ತು ಕಚ್ಚುಗಳು. ಈ ಹಾಡಿನ ಕಸುಬು ಸಂಖ್ಯೆಗಳಲ್ಲಿದೆ. ವಯಸ್ಸು, ಕಚ್ಚುಗಳು, ಹನ್ನೊಂದು ಇಪ್ಪತ್ತರ ಗಡಿಯಾರ, ಇಬ್ಬರ ನಡುವಿನ ನಲವತ್ತು ಅಡಿ ಹೀಗೆ ಒಂದೊಂದೇ ಅಂಕಿ ಬಂದು ಬೀಳುವಾಗ ಕೇಳುವವನು ತಾನೇ ಎಣಿಸತೊಡಗುತ್ತಾನೆ. ಗುಂಡು ಹಾರಿದ್ದು ಮಾತ್ರ ಅರ್ಧ ಸಾಲಿನಲ್ಲಿ ಮುಗಿಯುತ್ತದೆ. ಪ್ರತಿ ಚರಣದ ಕೊನೆಗೆ ಹಿನ್ನೆಲೆಯ ದನಿಗಳು ಹಾಡಿನ ಹೆಸರನ್ನೇ ಮರುಕಳಿಸುತ್ತವೆ, ಕೆಳಸ್ಥಾಯಿಯ ದನಿಯೊಂದು ತಳದಲ್ಲಿ ಗುನುಗುತ್ತದೆ. ಡ್ರಮ್ ಮಾಡಬೇಕಾದ ಕೆಲಸವನ್ನು ಇಲ್ಲಿ ಈ ದನಿಗಳೇ ಮಾಡಿವೆ.

ಚರಿತ್ರೆಯ ಕಣ್ಣಿನಿಂದ ನೋಡಿದರೆ ಅರಿಜೋನಾ ರೇಂಜರ್ ಪಡೆ ಇದ್ದದ್ದು 1901ರಿಂದ 1909ರವರೆಗೆ. ಅಂದರೆ ಈ ಕಥೆ ನಡೆಯುವ ಹೊತ್ತಿಗೆ ದೊಡ್ಡ ದನದ ಹಿಂಡುಗಳ ಕಾಲ ಮುಗಿದು ಹದಿನೈದು ವರ್ಷವಾದರೂ ಆಗಿರಬೇಕು. ಬೀದಿಯ ಎರಡು ತುದಿಗೆ ನಿಂತು ‘ಯಾರು ಮೊದಲು ತೆಗೆಯುತ್ತಾರೆ’ ಎಂಬ ಕಾಳಗ ಆಗಲೂ ಅಪರೂಪವೇ. 1873ರ ಕೋಲ್ಟ್ ರಿವಾಲ್ವರ್ ಒಂದು ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಕುದುರೆಯ ಮೇಲೆ ಅಪ್ಪಿತಪ್ಪಿ ಸಿಡಿಯದಿರಲಿ ಎಂದು ತಿಳಿದವರು ಆರು ಗುಂಡಿನ ಜಾಗದಲ್ಲಿ ಐದೇ ತುಂಬಿ, ಖಾಲಿ ಕೋಣೆಯ ಮೇಲೆ ಕುಟ್ಟಿಯನ್ನು (ಹ್ಯಾಮರ್) ಇಳಿಸಿಡುತ್ತಿದ್ದರು. ಹಾಡಿಗೆ ಇದೆಲ್ಲ ಬೇಕಿಲ್ಲ. 2010ರ ‘ಫಾಲ್‌ಔಟ್: ನ್ಯೂ ವೇಗಸ್’ ವಿಡಿಯೊ ಗೇಮ್‌ನ ರೇಡಿಯೋದಲ್ಲಿ ಇದನ್ನು ಕೇಳಿ ಆಲ್ಬಮ್ ಹುಡುಕಿಕೊಂಡು ಬಂದವರು ಬಹಳ. ಅವರು ಈ ಒಂದು ಹಾಡಿಗೇ ನಿಂತುಬಿಟ್ಟರೆ ನಷ್ಟ ಅವರದೇ.

ಎರಡನೆಯ ಬದಿ ತೆರೆಯುವುದು ‘ಎಲ್ ಪಾಸೊ’ದಿಂದ. ಇದಕ್ಕೆ ಪಲ್ಲವಿಯೇ ಇಲ್ಲ. ಮೂರು ಎಣಿಕೆಯ ವಾಲ್ಟ್ಸ್ ನಡೆಯಲ್ಲಿ ಕಥೆ ನೇರವಾಗಿ ಸಾಗುತ್ತದೆ. ಫಲೀನಾ ಎಂಬ ನರ್ತಕಿಗೆ ಮರುಳಾದ ಕೌಬಾಯ್ ಹೊಟ್ಟೆಕಿಚ್ಚಿನಲ್ಲಿ ಇನ್ನೊಬ್ಬನನ್ನು ಕೊಲ್ಲುತ್ತಾನೆ, ಹಿಂಬಾಗಿಲಿನಿಂದ ಓಡುತ್ತಾನೆ, ಕಟ್ಟಿಹಾಕಿದ್ದ ಕುದುರೆಗಳಲ್ಲಿ ಚೆನ್ನಾಗಿ ಓಡಬಲ್ಲದ್ದನ್ನು ಆರಿಸಿ ಕದಿಯುತ್ತಾನೆ, ನ್ಯೂ ಮೆಕ್ಸಿಕೊದ ಬರಡು ನೆಲ ಸೇರುತ್ತಾನೆ. ಮತ್ತೆ ಅವಳಿಗಾಗಿ ಹಿಂತಿರುಗುತ್ತಾನೆ. ಗಮನಿಸಬೇಕಾದದ್ದು ಇಲ್ಲಿಂದ ಮುಂದೆ. ಇಷ್ಟು ಹೊತ್ತು ಭೂತಕಾಲದಲ್ಲಿದ್ದ ಕಥೆ, ಅವನು ಗುಡ್ಡದ ಮೇಲೆ ಬಂದು ಊರನ್ನು ಕೆಳಗೆ ಕಂಡ ಕ್ಷಣ ವರ್ತಮಾನಕ್ಕೆ ಜಿಗಿಯುತ್ತದೆ. ಬಲಕ್ಕೆ ಐದು ಸವಾರರು, ಎಡಕ್ಕೆ ಹನ್ನೆರಡೋ ಅದಕ್ಕೂ ಹೆಚ್ಚೋ, ರೈಫಲ್ಲಿನ ಬಿಳಿ ಹೊಗೆ. ಎಲ್ಲವೂ ಈಗ ನಡೆಯುತ್ತಿದೆ. ಹೇಳುತ್ತಿರುವವನು ಸಾಯುತ್ತಲೇ ಹೇಳುತ್ತಿದ್ದಾನೆ. ಬಹಳ ಗಾಯಕರು ಈ ಹಾಡನ್ನು ಹಾಡಿದ್ದಾರೆ, ಈ ತಿರುವಿನಲ್ಲಿ ಬಹುಮಂದಿ ದನಿಯನ್ನು ಭಾರ ಮಾಡಿ ಕೆಡಿಸುತ್ತಾರೆ. ರಾಬಿನ್ಸ್ ಏನನ್ನೂ ಮಾಡುವುದಿಲ್ಲ. ವ್ಯಾಕರಣ ಬದಲಾಗಿದೆ, ಅಷ್ಟು ಸಾಕು.

ಈಗ ಪ್ರತಿಗಳ ಗೊಂದಲ. ಸಿಂಗಲ್ ಆಗಿ, ಅಂದರೆ ಬದಿಗೊಂದೇ ಹಾಡಿನ ಚಿಕ್ಕ ಪ್ಲೇಟಾಗಿ, ಬಂದ ಮಾನೋ (ಒಂದೇ ಧ್ವನಿವಾಹಿನಿಯ) ಮುದ್ರಣದ ಅವಧಿ ಸುಮಾರು 4 ನಿಮಿಷ 38 ಸೆಕೆಂಡು. ಆ ಕಾಲದ ಸಿಂಗಲ್‌ಗಳ ಲೆಕ್ಕದಲ್ಲಿ ತೀರಾ ಉದ್ದ. ರೇಡಿಯೋ ಕೇಂದ್ರಗಳು ಇಷ್ಟು ಉದ್ದದ ಹಾಡು ಹಾಕಲಾರವೆಂಬ ಅಳುಕಿನಿಂದ ಕೊಲಂಬಿಯಾ ಅವರಿಗೆ ಕಳಿಸಿದ ಪ್ಲೇಟಿನ ಒಂದು ಬದಿಗೆ ಪೂರ್ಣ ಹಾಡನ್ನೂ ಇನ್ನೊಂದು ಬದಿಗೆ ಮೂರು ನಿಮಿಷದ ಆಸುಪಾಸಿಗೆ ಕತ್ತರಿಸಿದ್ದನ್ನೂ ಹಾಕಿತ್ತು. ಕೇಂದ್ರಗಳು ಪೂರ್ಣ ಹಾಡನ್ನೇ ಹಾಕಿದವು. 1960ರ ಆರಂಭದಲ್ಲಿ ಅದು ಕಂಟ್ರಿ ಮತ್ತು ಪಾಪ್ ಎರಡೂ ಪಟ್ಟಿಗಳ ತಲೆಯ ಮೇಲಿತ್ತು, 1961ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಆದರೆ ಸ್ಟೀರಿಯೋ (ಎರಡು ಧ್ವನಿವಾಹಿನಿಯ) ಆಲ್ಬಮ್‌ನಲ್ಲಿರುವುದು ಬೇರೆಯೇ ಟೇಕ್, ಅಂದರೆ ಇನ್ನೊಮ್ಮೆ ಹಾಡಿ ಮುದ್ರಿಸಿದ್ದು, ತುಸು ಮೊಟಕು. ಕೊಲೆ ಮಾಡಿದ ಮೇಲೆ ನಾಯಕ ಒಂದು ಗಳಿಗೆ ಸ್ತಬ್ಧನಾಗಿ ನಿಂತು, ತಾನು ಮಾಡಿದ ಹೀನ ಕೆಲಸಕ್ಕೆ ತಾನೇ ಬೆಚ್ಚುವ ಚರಣ ಅದರಲ್ಲಿ ಇಲ್ಲ. ಅದಿಲ್ಲದಿದ್ದರೆ ಕೊಂದವನು ನೇರ ಹಿಂಬಾಗಿಲಿಗೆ ಓಡುತ್ತಾನೆ, ಬರೀ ಮುಂಗೋಪಿಯಂತೆ ಕಾಣುತ್ತಾನೆ. ಆ ಚರಣವಿದ್ದರೆ ಕೊನೆಗೆ ಅವನು ಸಾವಿನತ್ತ ಹಿಂತಿರುಗುವುದಕ್ಕೆ ಕಾರಣದ ಒಂದು ಎಳೆ ಸಿಗುತ್ತದೆ. ಆದ್ದರಿಂದ ಪ್ಲೇಟಾಗಲಿ, ಸಿ.ಡಿ. ಆಗಲಿ, ಫೋನಿನಲ್ಲಿ ಕೇಳುವುದಾಗಲಿ, ಅವಧಿ ನೋಡಿ. ನಾಲ್ಕೂವರೆ ನಿಮಿಷ ದಾಟದಿದ್ದರೆ ಅದು ಪೂರ್ಣ ಹಾಡಲ್ಲ. 1999ರ ಸಿ.ಡಿ. ಮರುಮುದ್ರಣದಲ್ಲಿ ಪೂರ್ಣ ರೂಪವನ್ನು ಹೆಚ್ಚುವರಿ ಹಾಡಾಗಿ ಕೊನೆಯಲ್ಲಿ ಸೇರಿಸಿದ್ದಾರೆ. ಅದರ ಜೊತೆ ‘ದ ಹ್ಯಾಂಗಿಂಗ್ ಟ್ರೀ’, ‘ಸ್ಯಾಡಲ್ ಟ್ರ್ಯಾಂಪ್’ ಕೂಡ ಸಿಗುತ್ತವೆ.

ಗಿಟಾರ್ ನುಡಿಸುವವರಿಗೆ ‘ಎಲ್ ಪಾಸೊ’ ಒಂದು ಪಾಠ. ಚರಣದಲ್ಲಿ ಡಿ, ಇ ಮೈನರ್, ಎ, ಮತ್ತೆ ಡಿ. ಅಷ್ಟೇ. ಮುಂದೆ ಕೊಲೆಯಾಗುವ, ಕಾಡು ಸ್ವಭಾವದ ಆ ಹೊಸ ಯುವಕ ಕಥೆಯೊಳಗೆ ಬರುವಲ್ಲಿ ರಾಗ ಜಿ ಕಡೆಗೆ ಹೊರಳುತ್ತದೆ, ದನಿ ಮೇಲೇರುತ್ತದೆ, ಸಾಲುಗಳು ಒಂದರ ಬೆನ್ನಿಗೊಂದು ಬೀಳುತ್ತವೆ. ಕಲಿಯುವವರು ಎಡವುವುದು ಸ್ವರಮೇಳದಲ್ಲಲ್ಲ, ಎರಡು ಬೇರೆ ಕಡೆ. ಒಂದು, ಮೂರೂ ಎಣಿಕೆಯನ್ನು ಒಂದೇ ಬಲದಲ್ಲಿ ಬಾರಿಸುವುದು. ಒತ್ತು ಮೊದಲ ಎಣಿಕೆಗೆ, ಅದೂ ಹೆಬ್ಬೆರಳಿನ ಮಂದ್ರ ತಂತಿಗೆ. ಉಳಿದ ಎರಡು ಹಗುರ. ಇನ್ನೊಂದು, ಗ್ರೇಡಿ ಮಾರ್ಟಿನ್ ಅವರ ಸ್ಪ್ಯಾನಿಶ್ ಶೈಲಿಯ ಬಳುಕುಗಳನ್ನು ಮಾತಿನ ಮೇಲೆಯೇ ಹೇರುವುದು. ಕಿವಿಗೊಟ್ಟು ಕೇಳಿ: ಗಾಯಕ ಸಾಲು ಮುಗಿಸಿ ಉಸಿರೆಳೆಯುವ ಕಿಂಡಿಯಲ್ಲೇ ಅವು ನುಗ್ಗಿ ಹೊರಬೀಳುತ್ತವೆ. ಒಂದೇ ಬಳುಕು ಎರಡು ಸಲ ಯಥಾವತ್ ಬರುವುದು ಕಡಿಮೆ. ಸ್ಟೀಲ್ ತಂತಿಯ ಗಿಟಾರ್‌ನಲ್ಲಿ ಇದನ್ನು ನುಡಿಸಿದರೆ ತೀಕ್ಷ್ಣವಾಗಿ ಚುಚ್ಚುತ್ತದೆ, ನೈಲಾನ್ ತಂತಿ ವಾಸಿ. ಹಾಡುವವರು ತಮ್ಮ ಶ್ರುತಿಯನ್ನು ಆ ಹೊರಳುವ ಭಾಗದ ಎತ್ತರಕ್ಕೆ ಲೆಕ್ಕ ಹಾಕಿ ಆರಿಸಿಕೊಳ್ಳಬೇಕು. ಚರಣದ ಹಿತಕ್ಕೆ ಆರಿಸಿಕೊಂಡವರು ಅರ್ಧದಲ್ಲಿ ಸಿಕ್ಕಿಬೀಳುತ್ತಾರೆ.

ಆಲ್ಬಮ್‌ನ ಹೆಸರಿನಲ್ಲಿ ಕೋವಿಯವರದು ಒಂದು ಪಾಲು, ದಾರಿಯ ಹಾಡುಗಳದು ಇನ್ನೊಂದು ಪಾಲು. ಮುಖಪುಟದಲ್ಲಿ ಕರಿಯ ಉಡುಪು ತೊಟ್ಟು, ಬಾಗಿ, ಕೋವಿಗೆ ಕೈಹಾಕಿ ನಿಂತ ರಾಬಿನ್ಸ್. ಮೊದಲ ಪಾಲೇ ಜನರ ಮನಸ್ಸಿನಲ್ಲಿ ಉಳಿಯಿತು. ಕೌಬಾಯ್ ಬದುಕು ನಿಜವಾಗಿ ಕಾಣುವುದು ಎರಡನೆಯ ಪಾಲಿನಲ್ಲಿ. ಟೆಕ್ಸಸ್‌ನಿಂದ ಕ್ಯಾನ್ಸಸ್‌ನ ರೈಲು ನಿಲ್ದಾಣಗಳಿಗೆ ಎರಡು ಮೂರು ಸಾವಿರ ದನಗಳ ಹಿಂಡನ್ನು ಹನ್ನೆರಡರಷ್ಟು ಜನ ಹೊಡೆದುಕೊಂಡು ಹೋಗುತ್ತಿದ್ದ ಕಾಲ ಅದು, ದಿನಕ್ಕೆ ಹತ್ತು ಹದಿನೈದು ಮೈಲಿ. ಎಲ್ಲ 1866ರ ಸುಮಾರಿಗೆ ಶುರುವಾಗಿ ಎರಡು ದಶಕದಲ್ಲಿ ಮುಗಿದುಹೋಯಿತು. ಸಂಬಳ ತಿಂಗಳಿಗೆ 25ರಿಂದ 40 ಡಾಲರ್. ರಾತ್ರಿ ಇಬ್ಬರು ಕಾವಲುಗಾರರು ಮಲಗಿದ ಹಿಂಡನ್ನು ಎದುರುಬದಿರು ದಿಕ್ಕಿನಲ್ಲಿ ಸುತ್ತುತ್ತ ನಿಧಾನವಾಗಿ ಹಾಡುತ್ತಿದ್ದರು. ಕತ್ತಲಲ್ಲಿ ಹಠಾತ್ ಸದ್ದಿಗೆ ದನ ಬೆದರದಿರಲಿ, ಮನುಷ್ಯನಿದ್ದಾನೆಂದು ಗೊತ್ತಾಗುತ್ತಿರಲಿ ಅನ್ನುವುದು ಉದ್ದೇಶ. ದಾರಿಯ ಹಾಡುಗಳ ನಡೆ ಕುದುರೆಯ ಕಾಲ್ನಡಿಗೆಯಷ್ಟು ಮೆಲ್ಲಗಿರುವುದಕ್ಕೆ ಮೂಲ ಅಲ್ಲಿದೆ.

‘ಕೂಲ್ ವಾಟರ್’ ಆ ನಡೆಗೆ ಸರಿಯಾದ ಮಾದರಿ. ರಚನೆ ಸನ್ಸ್ ಆಫ್ ದ ಪಯನಿಯರ್ಸ್ ತಂಡದ ಬಾಬ್ ನೋಲನ್ ಅವರದು. ಮರಳುಗಾಡಿನಲ್ಲಿ ನೀರಿಲ್ಲದೆ ಹೇಸರಗತ್ತೆಯೊಡನೆ ಅಲೆಯುವವನಿಗೆ ಬಿಸಿಲ್ಗುದುರೆ ಕಾಣುವ ಕಥೆ. ಪ್ರತಿ ಸಾಲಿನ ಹಿಂದೆ ಗ್ಲೇಸರ್ ಸಹೋದರರು ‘ನೀರು’ ಎಂಬ ಒಂದೇ ಪದವನ್ನು ಮಾರ್ದನಿಯಂತೆ ಹೇಳುತ್ತಾರೆ. ಬರೀ ಸದ್ದಿನ ಚಮತ್ಕಾರವಲ್ಲ ಇದು, ಬಾಯಾರಿದವನ ತಲೆಯೊಳಗೆ ಸುತ್ತುತ್ತಿರುವ ಪದವೇ ಅದು. ಮೂರು ದನಿಗಳು ಒಂದೇ ಉಸಿರಿನಲ್ಲಿ ಏರಿ ಒಂದೇ ಉಸಿರಿನಲ್ಲಿ ಇಳಿಯುತ್ತವೆ. ಈ ಅಣ್ಣತಮ್ಮಂದಿರ ಕೆಲಸಕ್ಕೆ ಆಲ್ಬಮ್‌ನಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಕಸುಬಿನ ವಿವರಕ್ಕೆ ‘ದ ಸ್ಟ್ರಾಬೆರಿ ರೋನ್’. ಕರ್ಲಿ ಫ್ಲೆಚರ್ ಅವರ ಪದ್ಯ, ಎರಡನೆಯ ಮಹಾಯುದ್ಧಕ್ಕೂ ಬಹಳ ಮೊದಲೇ ಬಾಯಿಂದ ಬಾಯಿಗೆ ಹರಡಿದ್ದು. ಪಳಗದ ಕುದುರೆಗಳನ್ನು ಪಳಗಿಸುವೆನೆಂದು ಕೊಚ್ಚಿಕೊಳ್ಳುವವನೊಬ್ಬ ಹತ್ತು ಡಾಲರ್ ಕೂಲಿಗೆ ಒಪ್ಪಿ, ಮುದಿಯಂತೆ ಕಾಣುವ ಒಂದು ಕೆಂಬಣ್ಣದ ಕುದುರೆಯಿಂದ ಮಣ್ಣುಮುಕ್ಕುತ್ತಾನೆ. ಕೆಲಸದ ಕ್ರಮ ಹಾಡಿನಲ್ಲಿ ಒಂದೂ ತಪ್ಪದೆ ಬರುತ್ತದೆ: ಮೊದಲು ಹಗ್ಗ, ಆಮೇಲೆ ಕಣ್ಣಿಗೆ ಬಟ್ಟೆ, ಆಮೇಲೆ ಜೀನು, ಅದನ್ನು ಬಿಗಿಯುವುದು, ಹತ್ತಿ ಕೂತ ಮೇಲಷ್ಟೇ ಕಣ್ಣುಪಟ್ಟಿ ತೆಗೆಯುವುದು. ಕಣ್ಣು ಕಾಣದ ಕುದುರೆ ನಿಂತಲ್ಲೇ ನಿಲ್ಲುತ್ತದೆ, ಅದಕ್ಕೆ ಈ ಕ್ರಮ. ಗಾಳಿಯಲ್ಲಿ ಮೈ ತಿರುಚಿ ಹೊಟ್ಟೆಗೆ ಬಿಸಿಲು ತಾಗುವಂತೆ ಜಿಗಿಯುವ ಕುದುರೆಯ ಪಟ್ಟು ಕೂಡ ಸವಾರರು ಬಲ್ಲ ನಿಜವಾದ ಪಟ್ಟು. ಇಡೀ ಆಲ್ಬಮ್‌ನಲ್ಲಿ ನಗಿಸುವ ಹಾಡು ಇದೊಂದೇ, ಮೊದಲ ಬದಿಯ ಕೊನೆಗೆ ಇದನ್ನು ಇಟ್ಟದ್ದು ಜಾಣತನ. ಇದರ ಹಿಂದಿನ ಹಾಡು ‘ದೇ ಆರ್ ಹ್ಯಾಂಗಿಂಗ್ ಮಿ ಟುನೈಟ್’, ನೇಣಿಗೆ ಕಾದವನ ಕೊನೆಯ ರಾತ್ರಿ. ಅದರ ಕತ್ತಲಿನಿಂದ ಹೊರಬರಲು ಇಂಥದ್ದೊಂದು ಬೇಕಿತ್ತು.

ಹಿಂಡು ಬೆದರಿ ಓಡುವ ದೃಶ್ಯ ಎರಡು ಕಡೆ ಬರುತ್ತದೆ. ‘ದ ಮಾಸ್ಟರ್ಸ್ ಕಾಲ್’ನಲ್ಲಿ ದನಗಳ್ಳರ ಜೊತೆ ಸೇರಿದ ಹುಡುಗನನ್ನು ಸಿಡಿಲಿನ ರಾತ್ರಿ ದೈವ ಕಾಯುತ್ತದೆ. ಸತ್ತ ದನಗಳ ರಾಶಿಯೇ ಅವನಿಗೆ ಗೋಡೆಯಾಗುತ್ತದೆ. ಪವಾಡದ ಭಾಗ ಅತಿಯಾಯಿತು ಅನ್ನಿಸುತ್ತದೆ, ಆದರೆ ಬಯಲಿನಲ್ಲಿ ಸಿಡಿಲು ಬಡಿದು ದನಗಳು ಸಾಯುವುದು ದಾರಿಯಲ್ಲಿ ಇದ್ದ ಅಪಾಯವೇ. ಹಾಗೆ ಹಿಂಡು ಎದ್ದೋಡಿದರೆ ಅಡ್ಡ ನಿಂತು ತಡೆಯಲಾಗದು. ಮುಂದಿನ ದನಗಳ ಪಕ್ಕಕ್ಕೆ ಸವಾರಿ ಮಾಡಿ ಅವನ್ನು ಒಂದೇ ಕಡೆಗೆ ಒತ್ತುತ್ತ, ಹಿಂಡು ತನ್ನ ಸುತ್ತಲೇ ತಾನು ಸುತ್ತುವಂತೆ ಮಾಡಬೇಕು. ಕಡೆಯ ಹಾಡು ‘ಯೂಟಾ ಕ್ಯಾರಲ್’ನ ದುರಂತ ಇದಕ್ಕೆ ಅವಕಾಶವೇ ಸಿಗದಿದ್ದಾಗಿನದು. ಮಾಲೀಕನ ಮಗಳು ಹಿಂಡಿನ ದಾರಿಯಲ್ಲಿ ಬಿದ್ದಿದ್ದಾಳೆ. ಕೌಬಾಯ್ ಯೂಟಾ ಕ್ಯಾರಲ್ ಓಡುವ ಕುದುರೆಯಿಂದ ಬಾಗಿ ಅವಳನ್ನು ಎತ್ತಿಕೊಳ್ಳುವಾಗ ಇಬ್ಬರ ಭಾರ ಒಂದೇ ಕಡೆಗೆ ಬಿದ್ದು ಜೀನಿನ ಪಟ್ಟಿ ಹರಿಯುತ್ತದೆ. ಆಮೇಲೆ ಕೆಂಪು ಕಂಬಳಿ ಹಿಡಿದು ಹಿಂಡನ್ನು ತನ್ನತ್ತ ಸೆಳೆಯುವುದೊಂದೇ ಅವನಿಗೆ ಉಳಿಯುವ ದಾರಿ. ಒಂದು ಚರ್ಮದ ಪಟ್ಟಿಯ ಮೇಲೆ ನಿಂತ ಕಥೆ ಇದು. ಯಾವ ಕೋವಿ ಕಾಳಗವೂ ಇದರ ಹತ್ತಿರ ಬರುವುದಿಲ್ಲ. ‘ಎಲ್ ಪಾಸೊ’ದ ಹೆಸರು ದೊಡ್ಡದಿರಬಹುದು, ಕೌಬಾಯ್ ಬದುಕಿನ ಹಾಡು ಯಾವುದೆಂದು ಕೇಳಿದರೆ ಕೈ ತೋರಿಸಬೇಕಾದ್ದು ಇದರ ಕಡೆಗೆ.

‘ಎ ಹಂಡ್ರೆಡ್ ಅಂಡ್ ಸಿಕ್ಸ್ಟಿ ಏಕರ್ಸ್’ ಚೊಕ್ಕವಾದ ಹಾಡು, ಜೊತೆಗೊಂದು ತಮಾಷೆ. 160 ಎಕರೆ ಅಂದರೆ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಉಳುವವನಿಗೆ ಸಿಗುತ್ತಿದ್ದ ನೆಲದ ಅಳತೆ. ಹಾಗೆ ನೆಲ ಪಡೆದವರು ಬೇಲಿ ಹಾಕಿದರು. 1874ರಲ್ಲಿ ಗ್ಲಿಡನ್ ಅವರ ಮುಳ್ಳುತಂತಿಗೆ ಪೇಟೆಂಟ್ ಸಿಕ್ಕ ಮೇಲೆ ಆ ಬೇಲಿಗಳೇ ಹಿಂಡುಗಳ ದಾರಿ ಮುಚ್ಚಿದವು. ಕೌಬಾಯ್ ಕಸುಬನ್ನು ಕೊನೆಗಾಣಿಸಿದವನೇ ಇಲ್ಲಿ ಹಾಯಾಗಿ ಜೀನಿನ ಮೇಲೆ ಕೂತು ಹಾಡುತ್ತಿದ್ದಾನೆ. ‘ಬಿಲ್ಲಿ ದ ಕಿಡ್’ ಹಳೆಯ ಜನಪದ ಹಾಡು. 1881ರ ಜುಲೈ 14ರಂದು ಫೋರ್ಟ್ ಸಮ್ನರ್‌ನಲ್ಲಿ ಶೆರಿಫ್ ಪ್ಯಾಟ್ ಗ್ಯಾರೆಟ್ ಕೈಯಲ್ಲಿ ಸತ್ತ, ಅದೇ ಹೆಸರಿನ ಪಾತಕಿ ಹುಡುಗನಿಗೆ ಅದು ಇಪ್ಪತ್ತೊಂದು ಕೊಲೆ ಕಟ್ಟುತ್ತದೆ, ಚರಿತ್ರಕಾರರ ಎಣಿಕೆ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಗ್ಲೇಸರ್ ಸಹೋದರರ ರಚನೆ ‘ರನ್ನಿಂಗ್ ಗನ್’ ಬಿಗಿಯಾಗಿದೆ. ತೊಂದರೆಯೆಂದರೆ ‘ಎಲ್ ಪಾಸೊ’ ಇರುವ ಬದಿಯಲ್ಲೇ ಇದೂ ಇದೆ, ಇಲ್ಲೂ ಓಡಿಹೋಗುವ ಕೊಲೆಗಾರ ತನ್ನ ಸಾವನ್ನು ತಾನೇ ಹೇಳುತ್ತಾನೆ. ‘ಇನ್ ದ ವ್ಯಾಲಿ’, ‘ಡೌನ್ ಇನ್ ದ ಲಿಟ್ಲ್ ಗ್ರೀನ್ ವ್ಯಾಲಿ’ ಎರಡೂ ಇಂಪು, ಎರಡೂ ಟೊಳ್ಳು. ಎರಡರಲ್ಲೂ ಕಣಿವೆ, ಎರಡರಲ್ಲೂ ಕಾದಿರುವ ಹುಡುಗಿ. ಒಂದು ಸಾಕಿತ್ತು.

ದೊಡ್ಡ ಕೊರತೆ ಬೇರೆ ಇದೆ. ದನ ಹೊಡೆದವರಲ್ಲಿ ಕರಿಯರು, ವಕೇರೊಗಳೆಂಬ ಮೆಕ್ಸಿಕನ್ ದನಗಾಹಿಗಳು ಬಹಳ ಮಂದಿ ಇದ್ದರು. ಹಗ್ಗ ಬೀಸುವುದು, ಜೀನಿನ ಕೊಂಬಿಗೆ ಹಗ್ಗ ಸುತ್ತುವುದು, ಕುದುರೆ ಪಳಗಿಸುವುದು, ಕಸುಬಿನ ಬಹುಪಾಲು ವಕೇರೊಗಳಿಂದ ಬಂದದ್ದು. ಆಲ್ಬಮ್‌ನಲ್ಲಿ ಅವರ ಗುರುತು ಗ್ರೇಡಿ ಮಾರ್ಟಿನ್ ಗಿಟಾರ್‌ನಲ್ಲಿದೆ, ಕಥೆಗಳಲ್ಲಿ ಇಲ್ಲ. ಮೆಕ್ಸಿಕೊ ಅಂದರೆ ಇಲ್ಲಿ ಒಬ್ಬ ನರ್ತಕಿ, ಇಲ್ಲವೇ ಓಡಿಹೋಗಲು ಒಂದು ಗಡಿ. ಮೂಲನಿವಾಸಿಗಳ ಸುದ್ದಿಯೇ ಇಲ್ಲ. 1959ರ ಟೆಲಿವಿಷನ್ ವೆಸ್ಟರ್ನ್‌ಗಳ, ಅಂದರೆ ಕೌಬಾಯ್ ಧಾರಾವಾಹಿಗಳ, ಕಾಲದ ಕಣ್ಣು ಇದು.

ಹಳೆಯ ಪ್ಲೇಟು ಕೊಳ್ಳುವವರಿಗೆ: ಮಾನೋ ಪ್ರತಿಯ ಸಂಖ್ಯೆ ಸಿ.ಎಲ್. 1349, ಸ್ಟೀರಿಯೋ ಸಿ.ಎಸ್. 8158. ಮೊದಲ ಮುದ್ರಣಗಳ ಲೇಬಲ್ ಮೇಲೆ ಎಡಬಲಕ್ಕೆ ಮೂರು ಮೂರರಂತೆ ಆರು ಕಣ್ಣಿನ ಚಿಹ್ನೆಗಳಿರುತ್ತವೆ. ಎರಡೇ ಕಣ್ಣಿದ್ದರೆ ಅದು 1962ರ ನಂತರದ್ದು. ಹೊದಿಕೆ ಒಂದು, ಒಳಗಿನ ಪ್ಲೇಟು ಇನ್ನೊಂದು ಆಗಿರುವುದು ಅಪರೂಪವಲ್ಲ, ಲೇಬಲ್ ನೋಡದೆ ಹಣ ಕೊಡಬೇಡಿ. ಈ ಆಲ್ಬಮ್‌ಗೇ ವಿಶೇಷವಾದ ಒಂದು ತೊಂದರೆಯಿದೆ. ಎರಡೂ ಹಿಟ್ ಹಾಡುಗಳು ಎರಡು ಬದಿಗಳ ಮೊದಲ ಹಾಡುಗಳು. ಮುಳ್ಳು ಇಳಿದದ್ದು ಅಲ್ಲೇ, ಎತ್ತಿ ಮತ್ತೆ ಇಳಿಸಿದ್ದೂ ಅಲ್ಲೇ. ಹೊರ ಅಂಚಿನ ಅರ್ಧ ಇಂಚನ್ನು ಬೆಳಕಿಗೆ ಓರೆ ಹಿಡಿದು ನೋಡಿ. ಉಳಿದ ಭಾಗ ಕನ್ನಡಿಯಂತೆ ಹೊಳೆಯುತ್ತಿದ್ದು ಅಂಚು ಬೂದುಬಣ್ಣಕ್ಕೆ ತಿರುಗಿದ್ದರೆ ಗೆರೆಗಳು ಸವೆದಿವೆ, ತೊಳೆದರೆ ಹೋಗುವುದಿಲ್ಲ. ಸ್ಟೀರಿಯೋ ಪ್ರತಿಗಳಿಗೆ ಇನ್ನೊಂದು ಗಂಡಾಂತರ. ಹಳೆಯ ಮಾನೋ ಯಂತ್ರದ ಮುಳ್ಳು ಅಡ್ಡಕ್ಕೆ ಮಾತ್ರ ಸಲೀಸಾಗಿ ಆಡುತ್ತದೆ, ಮೇಲಕ್ಕೂ ಕೆಳಕ್ಕೂ ಬಿಗಿ. ಅದರಲ್ಲಿ ನುಡಿಸಿದ ಸ್ಟೀರಿಯೋ ಪ್ಲೇಟಿನ ಗೆರೆ ಕೆತ್ತಿಹೋಗಿ ‘ಸ’, ‘ಶ’ ಅಕ್ಷರಗಳು ಕರಕರ ಎನ್ನುತ್ತವೆ. ಮಾತೇ ಮುಖ್ಯವಾದ ಹಾಡುಗಳಲ್ಲಿ ಇದು ಸಹಿಸಲಾಗದ ದೋಷ. ಕೇಳಿ ನೋಡುವ ಅವಕಾಶ ಕೊಟ್ಟರೆ ‘ಬಿಗ್ ಐರನ್’ನ ಮೊದಲ ಚರಣ, ಆಮೇಲೆ ಎರಡನೆಯ ಬದಿಯ ಕೊನೆಯ ‘ಯೂಟಾ ಕ್ಯಾರಲ್’ ಹಾಕಿಸಿ. ಒಳ ಅಂಚಿನಲ್ಲಿ ಗೆರೆ ಇಕ್ಕಟ್ಟಾಗುವುದರಿಂದ ಕರಕರ ಮೊದಲು ಕಾಣಿಸುವುದು ಅಲ್ಲಿ. ಪೂರ್ಣ ‘ಎಲ್ ಪಾಸೊ’ವೇ ಗುರಿಯಾಗಿದ್ದರೆ ಹಳೆಯ ಪ್ಲೇಟಿನ ಗೊಡವೆ ಬಿಟ್ಟು ಆ 1999ರ ಸಿ.ಡಿ. ಹಿಡಿಯುವುದೇ ಸಲೀಸು.

ಇದು ಹಿಡಿಸಿದವರು 1960ರಲ್ಲಿ ಬಂದ ಇದರ ಮುಂದುವರಿಕೆಯನ್ನು ಹುಡುಕುತ್ತಾರೆ. ಕೇಳಬಹುದು, ಆದರೆ ಅಷ್ಟು ಬಿಗಿಯಿಲ್ಲ. ಅದಕ್ಕಿಂತ 1966ರ ‘ಫಲೀನಾ’ ಕುತೂಹಲಕರ. ನರ್ತಕಿಯ ಕಡೆಯಿಂದ ಅದೇ ಕಥೆ, ಎಂಟು ನಿಮಿಷದ ಹಾಡು. 1976ರ ‘ಎಲ್ ಪಾಸೊ ಸಿಟಿ’ಯಲ್ಲಿ ವಿಮಾನದಲ್ಲಿ ಊರಿನ ಮೇಲೆ ಹಾರುವವನೊಬ್ಬ ಹಳೆಯ ಹಾಡನ್ನು ನೆನೆಯುತ್ತಾನೆ. ಮೂರನ್ನೂ ಬಂದ ಕ್ರಮದಲ್ಲೇ ಕೇಳಿ, ಮೊದಲನೆಯದು ಮಾತ್ರ ಆ ಪಶ್ಚಾತ್ತಾಪದ ಚರಣ ಇರುವ ಪ್ರತಿಯೇ ಆಗಿರಲಿ.